ಮನೇಲೇ ಬೇಕನ್ ಮಾಡ್ತೀರಾ? ಮೊದ್ಲು ಫ್ರಿಜ್ಜಲ್ಲಿ ಥರ್ಮಾಮೀಟರ್ ಇಡಿ

ಬೇಕನ್ ಮಾಡೋದೇನು ಬ್ರಹ್ಮವಿದ್ಯೆ ಅಲ್ಲ, ಹಂದಿ ಹೊಟ್ಟೆ ಭಾಗದ ಮಾಂಸಕ್ಕೆ ಉಪ್ಪು ಸವರಿ ಫ್ರಿಜ್ಜಲ್ಲಿಟ್ಟು ಒಂದು ವಾರ ಕಾಯೋದು ಅಷ್ಟೇ. ಆದ್ರೆ ಆ ವಾರ ಫ್ರಿಜ್ ಒಳಗೆ ಎಷ್ಟು ಡಿಗ್ರಿ ಇತ್ತು ಅಂತ ಯಾರೂ ನೋಡಲ್ಲ. ನಾನೂ ನೋಡಿರ್ಲಿಲ್ಲ. ಹೋದ ಮಳೆಗಾಲ ಒಂದೂವರೆ ಕೆಜಿ ಮಾಂಸ ಐದನೇ ದಿನಕ್ಕೇ ಲೋಳೆ ಕಟ್ಟಿ ಹುಳಿ ವಾಸನೆ ಬಂತು, ಆಮೇಲೆ ಲೋಟದ ನೀರಲ್ಲಿ ಥರ್ಮಾಮೀಟರ್ ಹಾಕಿ ರಾತ್ರಿಯಿಡೀ ಇಟ್ಟು ನೋಡಿದ್ರೆ 9 ಡಿಗ್ರಿ! ಇರ್ಬೇಕಾಗಿದ್ದು 2ರಿಂದ 4. ಹಾಗಾಗಿ ಮೊದಲ ಕೆಲಸ ಇದೇ. ಮಾಂಸ ಹಿಂಬದಿ ಇಡಿ, ಬಾಗಿಲಲ್ಲಿ ಬೇಡ.

ಆಮೇಲೆ ತೂಕ. 1 ಕೆಜಿಗೆ 20 ಗ್ರಾಂ ಪುಡಿ ಉಪ್ಪು, 10 ಗ್ರಾಂ ಸಕ್ಕರೆ, 2.5 ಗ್ರಾಂ ಕ್ಯೂರಿಂಗ್ ಸಾಲ್ಟ್. ಈ ಕ್ಯೂರಿಂಗ್ ಸಾಲ್ಟಲ್ಲಿ 6.25% ಸೋಡಿಯಂ ನೈಟ್ರೈಟ್, ಉಳಿದಿದ್ದು ಉಪ್ಪು, ಅಡುಗೆ ಉಪ್ಪು ಅಂತ ಯಾರೂ ಎತ್ಕೋಬಾರ್ದು ಅಂತ ಗುಲಾಬಿ ಬಣ್ಣ ಹಾಕಿರ್ತಾರೆ. ಇಂದುಪ್ಪೂ ಗುಲಾಬಿನೇ ಅಲ್ವಾ ಅಂತ ಅದನ್ನ ಹಾಕ್ಬೇಡಿ, ಅದ್ರಲ್ಲಿ ನೈಟ್ರೈಟ್ ಇಲ್ಲ. ಚಮಚದ ಲೆಕ್ಕಾನೂ ಬೇಡ, ಒಂದು ಟೀ ಚಮಚ ಅಂದ್ರೆ ಸುಮಾರು 6 ಗ್ರಾಂ, ಡಬಲ್‌ಗಿಂತ ಜಾಸ್ತಿ ಆಗೋಯ್ತು. ನೈಟ್ರೈಟ್ ಅತಿಯಾದ್ರೆ ರಕ್ತ ಆಕ್ಸಿಜನ್ ಹೊರೋದೇ ಕಮ್ಮಿ ಆಗುತ್ತೆ, ಅದಕ್ಕೇ 0.1 ಗ್ರಾಂ ತೋರಿಸೋ ಡಿಜಿಟಲ್ ತಕ್ಕಡಿ ಇಲ್ದೆ ಈ ಕೆಲಸಕ್ಕೆ ಕೈ ಹಾಕ್ಬೇಡಿ.

ಅಷ್ಟು ಅಪಾಯ ಇದ್ರೆ ಯಾಕೆ ಹಾಕ್ಬೇಕು ಅಂತೀರಾ? ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಅಂತ ಒಂದು ಬ್ಯಾಕ್ಟೀರಿಯಾ ಇದೆ, ಗಾಳಿ ಇಲ್ಲದ ಕಡೆನೇ ಬೆಳೆಯೋದು, ಅದು ಬಿಡೋ ವಿಷಕ್ಕೆ ವಾಸನೆನೂ ಇಲ್ಲ ರುಚಿನೂ ಇಲ್ಲ. ಅದನ್ನ ತಡೆಯೋದು ನೈಟ್ರೈಟ್. ಹಿಂದೆ ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) ಹಾಕ್ತಿದ್ರು, ಅದೇ ನಿಧಾನಕ್ಕೆ ನೈಟ್ರೈಟ್ ಆಗ್ತಿತ್ತು.

ಎಲ್ಲ ಸವರಿ ಜಿಪ್ ಕವರಿಗೆ ಹಾಕಿ ದಿನಾ ಒಂದ್ಸಲ ಮಗುಚಿ. 4 ಸೆಂಟಿಮೀಟರ್ ದಪ್ಪ ಇದ್ರೆ 7 ದಿನ ಸಾಕು. ತೊಳೆದು ಒರೆಸಿ, ಒಳಗೆ 65 ಡಿಗ್ರಿ ಬರೋವರೆಗೂ ಹೊಗೆಯಲ್ಲೋ ಓವನ್ನಲ್ಲೋ ಬೇಯಿಸಿ. ಯಾಕಂದ್ರೆ ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಉಪ್ಪಿಗೂ ಅಷ್ಟಾಗಿ ಜಗ್ಗಲ್ಲ, ಫ್ರಿಜ್ಜಲ್ಲೂ ಮೆಲ್ಲಗೆ ಬೆಳೀತಾನೇ ಇರುತ್ತೆ, ಥಂಡಿ ಅದನ್ನ ಕೊಲ್ಲಲ್ಲ. ಆದ್ದರಿಂದ ಮಾಡಿದ್ಮೇಲೂ ಫ್ರಿಜ್ಜಲ್ಲಿ ಒಂದೇ ವಾರ, ಮಿಕ್ಕಿದ್ದು ಮೈನಸ್ 18ರ ಫ್ರೀಜರ್‌ಗೆ, ತಿನ್ನೋ ಮುಂಚೆ ಮತ್ತೆ ಚೆನ್ನಾಗಿ ಹುರೀರಿ, ಮನೇಲಿ ಬಸುರಿ ಇದ್ರಂತೂ ಮರೀಬೇಡಿ.

ಮಳೆಗಾಲದಲ್ಲಿ ಕರೆಂಟ್ ಹೋಗೋದು ಇದ್ದಿದ್ದೇ. ಬಾಗಿಲು ತೆಗೀದೇ ಇದ್ರೆ ಫ್ರಿಜ್ ಸುಮಾರು 4 ಗಂಟೆ ತಡೆಯುತ್ತೆ. ಅದಕ್ಕಿಂತ ಜಾಸ್ತಿ ಹೋಗಿ ಒಳಗೆ ಬೆಚ್ಚಗಾಗಿದ್ರೆ ಮೂಸಿ ನೋಡಿ ತೀರ್ಮಾನ ಮಾಡೋಕೆ ಹೋಗ್ಬೇಡಿ, ಎಸ್ದುಬಿಡಿ.