ಡ್ಯೂಟಿ ಚಾರ್ಟಿನ ನಡುವೆ ವೀಣೆ, ವೇಷ, ಮನೆ: ಪಿಜಿ ವೈದ್ಯರಿಗೊಂದು ಕೈಪಿಡಿ

ಎಂ.ಡಿ., ಎಂ.ಎಸ್. ಎಂಬ ಸ್ನಾತಕೋತ್ತರ (ಪಿಜಿ) ವೈದ್ಯಕೀಯ ಕೋರ್ಸ್ ಸೇರಿದ ಹೊಸತರಲ್ಲಿ ಬಹಳ ಮಂದಿ ಒಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುತ್ತಾರೆ: ಬೆಳಿಗ್ಗೆ 5ರಿಂದ 6 ಸಾಧನೆ, ರಾತ್ರಿ 9ರಿಂದ 10 ಮನೆಯವರ ಜೊತೆ. ಹೊಸ ರೋಗಿಗಳನ್ನು ದಾಖಲಿಸಿಕೊಳ್ಳುವ ಸರದಿಯ ದಿನ, ಅಂದರೆ ಮೊದಲ ಅಡ್ಮಿಷನ್ ಡೇ, ಬಂದ ಕೂಡಲೇ ಅದು ಮುರಿಯುತ್ತದೆ. ಎರಡನೇ ವಾರ ಇನ್ನೆರಡು ಸಲ ಮುರಿದ ಮೇಲೆ 'ಇದೆಲ್ಲ ಆಗೋದಲ್ಲ' ಎಂದು ವೀಣೆಗೆ ಬಟ್ಟೆ ಮುಚ್ಚಿ ಮೂಲೆಗಿಡುತ್ತಾರೆ. ಇಲ್ಲಿ ಕೊರತೆ ಇರುವುದು ಶ್ರದ್ಧೆಯದಲ್ಲ. ಆಸ್ಪತ್ರೆಯ ವಾರಕ್ಕೆ ಸೋಮವಾರ, ಮಂಗಳವಾರ ಎಂಬುದಿಲ್ಲ. ಓಪಿಡಿ (ಹೊರರೋಗಿ ವಿಭಾಗ) ದಿನ, ಓಟಿ (ಶಸ್ತ್ರಚಿಕಿತ್ಸಾ ಕೊಠಡಿ) ದಿನ, 24 ಗಂಟೆ ಡ್ಯೂಟಿ, ಅದರ ಮರುದಿನದ ಪೋಸ್ಟ್ ಡ್ಯೂಟಿ, ರಜೆ ಎಂದಷ್ಟೇ ಇರುತ್ತದೆ. ಹವ್ಯಾಸವನ್ನೂ ಮನೆಯನ್ನೂ ಗಡಿಯಾರಕ್ಕೆ ಕಟ್ಟದೆ ಈ ಐದು ಬಗೆಯ ದಿನಗಳಿಗೆ ಕಟ್ಟಿದರೆ ಮಾತ್ರ ಎರಡೂ ಉಳಿಯುತ್ತವೆ.

ಮೊದಲು ಲೆಕ್ಕ

ವಾರಕ್ಕೆ 168 ಗಂಟೆ. ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ರಚಿಸಿದ್ದ ಕಾರ್ಯಪಡೆ 2024ರಲ್ಲಿ ಕೊಟ್ಟ ಶಿಫಾರಸು ವಾರಕ್ಕೆ 74 ಗಂಟೆ ಮೀರಬಾರದು, ಒಂದೇ ಬಾರಿಗೆ 24 ಗಂಟೆ ದಾಟಬಾರದು ಎಂದು. ಶಸ್ತ್ರಚಿಕಿತ್ಸೆ, ಪ್ರಸೂತಿ, ಜನರಲ್ ಮೆಡಿಸಿನ್ ವಿಭಾಗಗಳ ಫಸ್ಟ್ ಇಯರ್‌ನವರು ಇದನ್ನು ಓದಿ ನಕ್ಕುಬಿಡುತ್ತಾರೆ. ಹಾಗಾಗಿ 85 ಎಂದೇ ಇಟ್ಟುಕೊಳ್ಳಿ. ಉಳಿದದ್ದು 83. ದಿನಕ್ಕೆ 7 ಗಂಟೆ ನಿದ್ದೆಗೆ 49 ಕಳೆದರೆ 34. ಸ್ನಾನ, ಊಟ, ಓಡಾಟಕ್ಕೆ ದಿನಕ್ಕೆ 2 ಗಂಟೆಯಂತೆ 14 ಹೋದರೆ 20. ಥೀಸಿಸ್, ಸೆಮಿನಾರ್, ಓದಿಗೆ 6. ಮನೆಗೆ 10. ಹವ್ಯಾಸಕ್ಕೆ 4.

ಆ ನಾಲ್ಕರಲ್ಲೂ ಒಂದೂವರೆ ಗಂಟೆ ತಡವಾದ ರೌಂಡ್ಸಿಗೆ, ಮುಗಿಯದ ಕೇಸ್ ಶೀಟಿಗೆ ಸೋರಿಹೋಗುತ್ತದೆ. ಕೈಗೆ ಸಿಗುವುದು ಎರಡೂವರೆ ಗಂಟೆ: ಮೂರು ಓಪಿಡಿ ದಿನಗಳಲ್ಲಿ 25 ನಿಮಿಷದಂತೆ, ರಜೆಯ ದಿನ ಒಂದೂಕಾಲು ಗಂಟೆ. ಕಡಿಮೆ ಅನಿಸಬಹುದು. ಆದರೆ ಇದ್ದ ವಿದ್ಯೆ ತುಕ್ಕು ಹಿಡಿಯದಂತೆ ನೋಡಿಕೊಳ್ಳಲು ಇಷ್ಟು ಸಾಕು. ಹೊಸ ವಾದ್ಯ ಕಲಿಯಲು ಸಾಲದು. ಅದಕ್ಕೇ ಮೊದಲ ವರ್ಷ ಯಾವುದನ್ನೂ ಹೊಸದಾಗಿ ಶುರು ಮಾಡಬೇಡಿ. ನಿದ್ದೆಯ 49ರಿಂದ ಕಡ ತರುವ ಆಲೋಚನೆ ಬಂದರೆ ಅದನ್ನೂ ಅಲ್ಲೇ ಬಿಡಿ.

ಚಾರ್ಟ್ ಕೈಗೆ ಬಂದ ದಿನ

ಮುಂದಿನ ತಿಂಗಳ ಚಾರ್ಟ್ ಬಂದ ಸಂಜೆಯೇ ಅರ್ಧ ಗಂಟೆ ಕೂತು ಈ ಕ್ರಮದಲ್ಲಿ ಕೆಲಸ ಮುಗಿಸಿ:

1. 24 ಗಂಟೆ ಡ್ಯೂಟಿಯ ದಿನಗಳಿಗೆಲ್ಲ ಕೆಂಪು ಗುರುತು. ಆ ದಿನ ಹವ್ಯಾಸ ಸೊನ್ನೆ. ಸೊನ್ನೆ ಎಂದು ಬರೆದೇ ಇಡಿ. ಬರೆಯದಿದ್ದರೆ ಮನಸ್ಸು ಅದನ್ನು 'ತಪ್ಪಿಸಿದ ದಿನ' ಎಂದು ಎಣಿಸುತ್ತದೆ.
2. ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ತಿಂಗಳಲ್ಲಿ ತಪ್ಪಿಸಲೇಬಾರದ ದಿನಗಳನ್ನು ಕೇಳಿ: ಮಗುವಿನ ಲಸಿಕೆ, ಶಾಲೆಯ ಸಭೆ, ಅತ್ತೆಯವರ ಕಣ್ಣಿನ ತಪಾಸಣೆ, ಅಣ್ಣನ ಮನೆ ಗೃಹಪ್ರವೇಶ. ಮೂರಕ್ಕಿಂತ ಹೆಚ್ಚಾದರೆ ಮೂರನ್ನು ಅವರೇ ಆರಿಸಲಿ.
3. ಆ ದಿನಗಳಲ್ಲಿ ಡ್ಯೂಟಿ ಬಿದ್ದಿದ್ದರೆ ಅಂದೇ ಬದಲಿ ಕೇಳಿ. ಮೊದಲು ಕೇಳಿದವರಿಗೆ ಸಿಗುತ್ತದೆ, ಹಿಂದಿನ ದಿನ ಕೇಳಿದವರಿಗೆ ಮುಖ ಸಿಂಡರಿಸುವುದಷ್ಟೇ ಸಿಗುತ್ತದೆ.
4. ಕೊನೆಯಲ್ಲಿ ಹವ್ಯಾಸದ ಹೊತ್ತನ್ನು ತುಂಬಿ. ಚಾರ್ಟಿನ ಪ್ರತಿಯೊಂದು ಫ್ರಿಜ್ ಬಾಗಿಲ ಮೇಲೆ, ಇನ್ನೊಂದು ಮನೆಯ ವಾಟ್ಸಾಪ್ ಗುಂಪಿನಲ್ಲಿ ಇರಲಿ.

ಹಬ್ಬದ ಬದಲಿ ಬೇರೆಯದೇ ವ್ಯವಹಾರ. ಗೌರಿ-ಗಣೇಶ, ದಸರಾ, ದೀಪಾವಳಿಗೆ ನಿಮ್ಮ ಡ್ಯೂಟಿ ಹೊತ್ತವರಿಗೆ ರಂಜಾನ್ ಅಥವಾ ಕ್ರಿಸ್‌ಮಸ್‌ನಲ್ಲಿ ನೀವು ನಿಲ್ಲಬೇಕು. ಇದನ್ನು ವರ್ಷದ ಆರಂಭದಲ್ಲೇ ಮಾತಾಡಿಕೊಂಡು, ಯಾರು ಯಾರಿಗೆ ಎಷ್ಟು ಬಾಕಿ ಎಂದು ಒಂದು ಪುಟದಲ್ಲಿ ಬರೆದಿಟ್ಟ ಯೂನಿಟ್‌ಗಳಲ್ಲಿ ಜಗಳ ಕಡಿಮೆ. ಬದಲಾವಣೆ ಚೀಫ್‌ಗೆ ಗೊತ್ತಿರಬೇಕು, ಚಾರ್ಟಿನಲ್ಲಿ ತಿದ್ದಿರಬೇಕು. ಬಾಯಿಮಾತಿನ ಬದಲಿಯ ದಿನ ರೋಗಿಗೆ ಏನಾದರೂ ಆದರೆ ಉತ್ತರ ಹೇಳಬೇಕಾದವರು ಚಾರ್ಟಿನಲ್ಲಿ ಹೆಸರಿರುವವರು.

ಸಂಜೆಯನ್ನು ತಿನ್ನುವುದು ಯಾವುದು

ಓಪಿಡಿ ದಿನ 5ಕ್ಕೆ ಮುಗಿದರೂ 8ರವರೆಗೆ ವಾರ್ಡಿನಲ್ಲೇ ಉಳಿಯುವುದಕ್ಕೆ ಮುಖ್ಯ ಕಾರಣ ಮನೆಗೆ ಹೋಗುವ ರೋಗಿಗೆ ಬರೆದುಕೊಡುವ ಡಿಸ್ಚಾರ್ಜ್ ಸಮರಿ ಮತ್ತು ತಾನು ನೋಡಿದ ಕೇಸ್‌ಗಳನ್ನು ದಾಖಲಿಸುವ ಲಾಗ್ ಬುಕ್. ನಾಳೆ ಯಾರು ಮನೆಗೆ ಹೋಗುತ್ತಾರೆ ಎಂಬುದು ಹೆಚ್ಚಾಗಿ ಇಂದಿನ ಸಂಜೆ ರೌಂಡ್ಸಿನಲ್ಲೇ ತಿಳಿಯುತ್ತದೆ. ರಾತ್ರಿ ಡ್ಯೂಟಿಯಲ್ಲಿ ಕ್ಯಾಶುಯಲ್ಟಿ ಶಾಂತವಾಗಿರುವ ಹೊತ್ತಿನಲ್ಲಿ ಸಮರಿಯ ಮುಕ್ಕಾಲು ಭಾಗ ಬರೆದಿಡಿ. ಬೆಳಿಗ್ಗೆ ಔಷಧಿ ಪಟ್ಟಿ ಮತ್ತು ಮರುಭೇಟಿಯ ದಿನಾಂಕ ಸೇರಿಸಿದರೆ ಮುಗಿಯಿತು. ಲಾಗ್ ಬುಕ್ಕನ್ನು ಕೇಸ್ ಮುಗಿದ ಕೂಡಲೇ ಎರಡು ಸಾಲು ಬರೆಯದೆ ತಿಂಗಳ ಕೊನೆಗೆ ತಳ್ಳಿದರೆ ಒಂದಿಡೀ ರಜೆ ಅದಕ್ಕೇ ಹೋಗುತ್ತದೆ.

ಮುಂದಿನ ಡ್ಯೂಟಿಯವರಿಗೆ ರೋಗಿಗಳನ್ನು ಒಪ್ಪಿಸುವ ಹ್ಯಾಂಡೋವರ್ ಸರಿಯಿಲ್ಲದಿದ್ದರೆ ಮನೆಗೆ ಬಂದ ಮೇಲೂ ಫೋನ್ ನಿಲ್ಲುವುದಿಲ್ಲ. ಪ್ರತಿ ರೋಗಿಗೆ ನಾಲ್ಕು ಸಂಗತಿ ಸಾಕು: ಹಾಸಿಗೆ ಸಂಖ್ಯೆ, ರೋಗನಿರ್ಣಯ, ಬರಬೇಕಾದ ವರದಿ, 'ಹೀಗಾದರೆ ಹೀಗೆ ಮಾಡಿ' ಎಂಬ ಸೂಚನೆ. ನಾಲ್ಕನೆಯದನ್ನು ಬಿಟ್ಟವರಿಗೇ ರಾತ್ರಿ ಹತ್ತಕ್ಕೆ ಕರೆ ಬರುವುದು.

ಪೋಸ್ಟ್ ಡ್ಯೂಟಿ ದಿನ ರಜೆಯಲ್ಲ

ಮನೆಯವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಬೇಕು, ಅದರಲ್ಲೂ ಸೊಸೆಯಾಗಿ ಹೊಸ ಮನೆಗೆ ಬಂದ ಪಿಜಿಗಳು. 'ಮಧ್ಯಾಹ್ನವೇ ಬಂದಳು, ಬಂದವಳೇ ಮಲಗಿಬಿಟ್ಟಳು' ಎಂಬ ಮಾತು ಹುಟ್ಟುವುದು ಹಿಂದಿನ ರಾತ್ರಿ ಯಾರಿಗೂ ಕಾಣದೇ ಇರುವುದರಿಂದ. ಈ ಮಾತನ್ನು ಗಂಡ ತನ್ನ ಅಮ್ಮನಿಗೆ ಹೇಳಿದರೆ ಒಂದು ನಿಮಿಷದ ಕೆಲಸ, ಸೊಸೆಯೇ ಹೇಳಿದರೆ ಒಂದು ವರ್ಷದ ಮುನಿಸು. ಗಂಡನೇ ಹೇಳಲಿ.

17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು. ನಮ್ಮಲ್ಲಿ ವಾಹನ ಚಾಲನೆಗೆ ಕಾನೂನಿನ ಮಿತಿ 0.03. ಹೀಗಾಗಿ 24 ಗಂಟೆ ಡ್ಯೂಟಿ ಮುಗಿಸಿ ಸ್ಕೂಟರ್ ಹತ್ತಬೇಡಿ. ಬಸ್ಸು, ಮೆಟ್ರೋ, ಆಟೋ ಯಾವುದಾದರೂ ಸರಿ. ಬೇರೆ ದಾರಿಯೇ ಇಲ್ಲವೆಂದರೆ ಡ್ಯೂಟಿ ರೂಮಿನಲ್ಲಿ 20 ನಿಮಿಷ ಮಲಗಿ, ಎದ್ದು ಮುಖ ತೊಳೆದು, ಮಂಪರು ಪೂರ್ತಿ ಹರಿದ ಮೇಲೆ ಹೊರಡಿ. ಬೆಳಗಿನ ಜಾವ 4ರ ನಂತರ ಕಾಫಿ ಬೇಡ: ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು, ಮನೆಗೆ ಬಂದು ಮಲಗುವ ನಿದ್ದೆಯನ್ನು ಅದು ಕೆಡಿಸುತ್ತದೆ.

ಮನೆಯಲ್ಲಿ ಕಿಟಕಿಗೆ ದಪ್ಪ ಪರದೆ ಎಳೆದು ಮೂರು ಗಂಟೆ ಮಲಗಿ, ಅಲಾರಂ ಇಟ್ಟು ಏಳಿ. ಸಂಜೆವರೆಗೆ ಮಲಗಿದರೆ ರಾತ್ರಿ ನಿದ್ದೆ ಬರುವುದಿಲ್ಲ, ಮರುದಿನದ ಓಪಿಡಿ ಹಾಳು. ಎದ್ದ ಮೇಲಿನ ಹೊತ್ತು ಮಗುವಿನದು, ಹಿರಿಯರದು. ಕೃತಿಯ ಹೊಸ ಸಂಗತಿ (ಒಂದು ಸಾಲನ್ನು ಬದಲಿಸಿ ನುಡಿಸುವ ಬಗೆ), ಯಕ್ಷಗಾನದ ಹೊಸ ಪದ್ಯ ಆ ದಿನ ತಲೆಗೆ ಹತ್ತುವುದಿಲ್ಲ. ಕೇಳುವುದು, ತಂತಿ ಬದಲಿಸುವುದು, ಬಣ್ಣದ ಡಬ್ಬಿ ಜೋಡಿಸುವುದು ಇಂಥವನ್ನೆಲ್ಲ ಅದಕ್ಕೆಂದು ಉಳಿಸಿಕೊಳ್ಳಿ.

ಇಪ್ಪತ್ತೈದು ನಿಮಿಷದ ವೀಣೆ

ಓಪಿಡಿ ದಿನದ ಸಾಧನೆ ಹೀಗಿರಲಿ. ಶ್ರುತಿ ಮಾಡಲು 3 ನಿಮಿಷ. ಒಂದೇ ರಾಗದಲ್ಲಿ ಅಲಂಕಾರ, ಮೂರು ಕಾಲ, 8 ನಿಮಿಷ. ಕೃತಿಯ ಒಂದೇ ಸಾಲು, ಒಂದೇ ಸಂಗತಿ, 10 ನಿಮಿಷ. ಕೊನೆಯ 4 ನಿಮಿಷ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಮುಂದಿನ ಸಲ ಎಲ್ಲಿಂದ ಶುರು ಎಂದು ಒಂದು ಸಾಲು ಬರೆಯಿರಿ. ಈ ಸಾಲು ಬರೆಯದಿದ್ದರೆ ನಾಲ್ಕು ದಿನ ಬಿಟ್ಟು ಕೂತಾಗ ಅರ್ಧ ಹೊತ್ತು ನೆನಪಿಸಿಕೊಳ್ಳುವುದಕ್ಕೇ ಹೋಗುತ್ತದೆ.

ವೀಣೆ ಪೆಟ್ಟಿಗೆಯೊಳಗಿದ್ದರೆ ತೆಗೆಯುವ ಮನಸ್ಸೇ ಬರುವುದಿಲ್ಲ. ಚಾಪೆಯ ಮೇಲೆ ಬಟ್ಟೆ ಹೊದಿಸಿಡಿ, ತೆವಳುವ ಮಗುವಿದ್ದರೆ ಮಂಚದ ಮೇಲೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟು ವಾರ್ಡಿಗೆ ಹೋಗಬೇಡಿ. 24 ಮೆಟ್ಟಿಲುಗಳೂ ನಿಂತಿರುವುದು ಮೇಣದ ಮೇಲೆ. ಮೇಣ ಮೆತ್ತಗಾದರೆ ಮೆಟ್ಟಿಲು ಕದಲಿ ಸ್ವರ ತಪ್ಪುತ್ತದೆ, ಮೆಟ್ಟಿಲುಗಳನ್ನು ಮತ್ತೆ ಕೂರಿಸಿ ಮೇಳ ಕಟ್ಟಿಸಲು ಕುಶಲಕರ್ಮಿಯನ್ನು ಹುಡುಕಿಕೊಂಡು ಹೋಗಬೇಕು.

ವೈದ್ಯ ವೈಣಿಕರಿಗೆ ಮಾತ್ರ ಇರುವ ತಾಪತ್ರಯವೊಂದಿದೆ: ಉಗುರು. ಮೀಟಲು ಉದ್ದ ಉಗುರು ಬೇಕು, ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕೈ ಶುಚಿತ್ವದ ಮಾರ್ಗಸೂಚಿಯಂತೆ ಉಗುರಿನ ತುದಿ ಅರ್ಧ ಸೆಂಟಿಮೀಟರಿಗಿಂತ ಚಿಕ್ಕದಿರಬೇಕು. ಉದ್ದ ಉಗುರಿನಡಿ ಸೂಕ್ಷ್ಮಾಣು ಉಳಿಯುತ್ತದೆ, ಗ್ಲವ್ಸ್ ಹರಿಯುತ್ತದೆ. ಇದರಲ್ಲಿ ಚೌಕಾಸಿಯಿಲ್ಲ, ಉಗುರು ಕತ್ತರಿಸಿ, ಮೀಟಲು ಬೆರಳಿಗೆ ಹಾಕುವ ತಂತಿಯ ಮಿಜ್ರಾಬಿಗೆ ಬದಲಾಯಿಸಿ. ನಾದ ಸ್ವಲ್ಪ ಗಡುಸಾಗುತ್ತದೆ, ಹೊಂದಿಕೊಳ್ಳಲು ಕೆಲವು ವಾರ ಹಿಡಿಯುತ್ತದೆ. ಎಡಗೈಯದು ಇನ್ನೊಂದು ತೊಂದರೆ. ದಿನವಿಡೀ ಸ್ಯಾನಿಟೈಸರ್ ಹಚ್ಚಿ ಬೆರಳ ತುದಿಯ ದಡ್ಡುಗಟ್ಟಿದ ಚರ್ಮ ಒಣಗಿ ಬಿರಿಯುತ್ತದೆ, ಪಿಟೀಲಿನವರಿಗೂ ಹೀಗೇ. ಸಾಧನೆ ಆದ ಮೇಲೆ, ಮಲಗುವ ಮುಂಚೆ ವ್ಯಾಸಲೀನ್ ಹಚ್ಚಿ. ಸಾಧನೆಗೆ ಮೊದಲು ಹಚ್ಚಿದರೆ ಬೆರಳು ಜಾರುತ್ತದೆ. ಬಿರುಕಿನಲ್ಲಿ ರಕ್ತ ಕಂಡರೆ ವಾಸಿಯಾಗುವವರೆಗೆ ವಾದ್ಯ ಮುಟ್ಟಬೇಡಿ, ವಾರ್ಡಿನಲ್ಲಿ ಅದನ್ನು ಮುಚ್ಚಿಕೊಂಡೇ ಗ್ಲವ್ಸ್ ಹಾಕಿ.

ಗುರುಗಳಿಗೆ ಮೊದಲೇ ಹೇಳಿಬಿಡಿ: ವಾರದ ನಿಶ್ಚಿತ ಪಾಠ ಆಗದು, ಚಾರ್ಟ್ ಬಂದ ಮೇಲೆ ತಿಂಗಳಿಗೆ ಎರಡು ದಿನ ಕೇಳುತ್ತೇನೆ ಎಂದು. ಆನ್‌ಲೈನ್ ಪಾಠದಲ್ಲಿ ಧ್ವನಿ ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ನುಡಿಸಲಾಗದು. ಅವರು ನುಡಿಸಿದ್ದನ್ನು ನೀವು ಮರಳಿ ನುಡಿಸುವ ಕ್ರಮವೇ ಸರಿ. ಹಾಸ್ಟೆಲಿನಲ್ಲಿರುವ ಪಿಟೀಲಿನವರು ಕುದುರೆಗೆ ಮ್ಯೂಟ್ ಸಿಕ್ಕಿಸಬಹುದು. ಮೃದಂಗದವರಿಗೆ ಆ ಭಾಗ್ಯವಿಲ್ಲ, ಬಸ್ಸಿನಲ್ಲಿ ಬಾಯಲ್ಲೇ ಸೊಲ್ಕಟ್ಟು (ತಾಳದ ನುಡಿಗಳು) ಹೇಳಿಕೊಳ್ಳಬೇಕು. ಪಕ್ಕದ ಸೀಟಿನವರು ನೋಡಿದರೆ ನೋಡಲಿ.

ಯಕ್ಷಗಾನ, ಬರವಣಿಗೆ

ಮಂಗಳೂರು, ಉಡುಪಿ, ಮಣಿಪಾಲದ ಕಡೆಯ ಪಿಜಿಗಳಿಗೆ ವೇಷದ ಸೆಳೆತ ಇದ್ದೇ ಇರುತ್ತದೆ. ಯಕ್ಷಗಾನ ಮೇಳಗಳ (ತಂಡಗಳ) ತಿರುಗಾಟ ನವೆಂಬರಿನಿಂದ ಮೇ ತಿಂಗಳ ಪತ್ತನಾಜೆವರೆಗೆ, ಅಂದರೆ ತುಳುನಾಡಿನಲ್ಲಿ ಆಟಗಳು ನಿಲ್ಲುವ ದಿನದವರೆಗೆ. ಇಡೀ ರಾತ್ರಿಯ ಆಟದಲ್ಲಿ ವೇಷ ಮಾಡುವುದೆಂದರೆ ದೇಹದ ಲೆಕ್ಕದಲ್ಲಿ ಇನ್ನೊಂದು ನೈಟ್ ಡ್ಯೂಟಿ, ಮರುದಿನಕ್ಕೆ ಒಂದು ರಜೆ ಇಲ್ಲದೆ ಒಪ್ಪಿಕೊಳ್ಳಬೇಡಿ. ಕಾಲಮಿತಿಯ ಆಟ ಸಿಕ್ಕರೆ ಒಳ್ಳೆಯದು. ಇನ್ನೂ ಒಳ್ಳೆಯದು ಮಳೆಗಾಲದ ತಾಳಮದ್ದಳೆ: ಬಣ್ಣವಿಲ್ಲ, ಕುಣಿತವಿಲ್ಲ, ಕೂತು ಅರ್ಥ ಹೇಳಿದರಾಯಿತು. ಪದ್ಯಗಳನ್ನು ಓಡಾಟದ ಹೊತ್ತಿನಲ್ಲಿ ಬಾಯಿಪಾಠ ಮಾಡಬಹುದು.

ಬರೆಯುವವರಿಗೆ ಕಿಸೆಯಲ್ಲಿ ಹಿಡಿಸುವ ಪುಸ್ತಕ ಸಾಕು, ಆದರೆ ರೋಗಿಗಳ ಕಥೆ ಬರೆಯುವ ಮುನ್ನ ನಿಲ್ಲಿ. ಹೆಸರು ಬದಲಿಸಿದರೆ ಸಾಲದು. ವಯಸ್ಸು, ಊರು, ಕಾಯಿಲೆ, ತಿಂಗಳು ಇವಿಷ್ಟೇ ಇದ್ದರೂ ತಾಲ್ಲೂಕಿನಲ್ಲಿ ಯಾರೆಂದು ಗೊತ್ತಾಗುತ್ತದೆ. ವಾರ್ಡಿನಿಂದ ಮನೆಗೆ ವಿಡಿಯೋ ಕರೆಯೂ ಬೇಡ, ಹಿನ್ನೆಲೆಯಲ್ಲಿ ರೋಗಿಗಳಿರುತ್ತಾರೆ.

ಮನೆಯ ಹತ್ತು ಗಂಟೆ, ವರ್ಷದ ಇಪ್ಪತ್ತು ರಜೆ

'ಎಷ್ಟೊತ್ತಿಗೆ ಬರ್ತೀಯ?' ಎಂಬ ಪ್ರಶ್ನೆಗೆ ಒಂದು ಗಂಟೆಯನ್ನು ಹೇಳಬೇಡಿ. 'ಏಳಕ್ಕೆ ಮುಂಚೆ ಬರಲ್ಲ, ಒಂಬತ್ತು ದಾಟಲ್ಲ' ಎನ್ನಿ. ಏಳೂವರೆಗೆ ಬಂದರೆ ಬೇಗ ಬಂದಂತೆ, ಇಲ್ಲದಿದ್ದರೆ ಅದೇ ಏಳೂವರೆ 'ಅರ್ಧ ಗಂಟೆ ತಡ'. ಮಗು ಮಲಗುವ ಹೊತ್ತಿಗೆ ತಲುಪಲಾಗದ ದಿನ ಡ್ಯೂಟಿ ರೂಮಿನಿಂದ ಹತ್ತು ನಿಮಿಷ ಕಥೆ ಹೇಳಿ, ಅಥವಾ ಮೊದಲೇ ಧ್ವನಿಮುದ್ರಿಸಿ ಕಳಿಸಿ. ಹಾಲುಣಿಸುವ ತಾಯಂದಿರು ಹಿಂಡಿಟ್ಟ ಹಾಲು 25 ಡಿಗ್ರಿ ಮೀರದ ಕೋಣೆಯಲ್ಲಿ 4 ಗಂಟೆವರೆಗೆ, ಫ್ರಿಜ್ಜಿನ ಒಳಭಾಗದಲ್ಲಿ 4 ದಿನದವರೆಗೆ ಕೆಡುವುದಿಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ನೇರ ಫ್ರಿಜ್ಜಿಗೇ ಹೋಗಲಿ, ಬಾಗಿಲಿನ ತಟ್ಟೆಯಲ್ಲಿ ಇಡಬೇಡಿ.

2023ರ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ನಿಯಮಗಳ ಪ್ರಕಾರ ವರ್ಷಕ್ಕೆ ಕನಿಷ್ಠ 20 ಸಾಂದರ್ಭಿಕ ರಜೆ, 5 ಶೈಕ್ಷಣಿಕ ರಜೆ, ಕೆಲಸದ ಒತ್ತಡ ನೋಡಿಕೊಂಡು ವಾರಕ್ಕೊಂದು ದಿನ ಬಿಡುವು ಉಂಟು. ಪರೀಕ್ಷೆಗೆ ಕೂರಲು ಶೇಕಡಾ 80 ಹಾಜರಾತಿ ಬೇಕು. ಒಪ್ಪಿತ ರಜೆ ಮೀರಿದರೆ ತರಬೇತಿ ಅಷ್ಟು ದಿನ ಮುಂದಕ್ಕೆ ಹೋಗುತ್ತದೆ. ಆ 20ನ್ನು ಹೀಗೆ ಹಂಚಿ: ಮನೆಗೆ 8, ಕಾಯಿಲೆಗೆ 4, ವೇದಿಕೆಗೆ 3, ಓದಿಗೆ 5. ಕಾಯಿಲೆಯ ನಾಲ್ಕನ್ನು ಡಿಸೆಂಬರ್ ತನಕ ಮುಟ್ಟದಿರುವುದು ಕಷ್ಟ, ಆದರೂ ಮುಟ್ಟಬೇಡಿ.

3ರಿಂದ 5ನೇ ಸೆಮಿಸ್ಟರ್ ನಡುವೆ ಬರುವ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿಯಲ್ಲಿ (ಜಿಲ್ಲಾ ಆಸ್ಪತ್ರೆಯಲ್ಲಿನ ತರಬೇತಿ) ಹಲವು ಕಡೆ ಸಂಜೆ ಬಿಡುವು ಹೆಚ್ಚು. ಸಂಗೀತ ಕಚೇರಿ ಕೊಡುವುದಿದ್ದರೆ, ಕಲಿಯುವುದು ನಿಂತುಹೋದ ವರ್ಣ (ಒಂದು ಬಗೆಯ ಸಂಗೀತ ರಚನೆ) ಮುಗಿಸುವುದಿದ್ದರೆ ಆಗಲೇ. ಥೀಸಿಸ್ಸನ್ನು ಥಿಯರಿ ಪರೀಕ್ಷೆಗೆ ಆರು ತಿಂಗಳು ಮೊದಲೇ ಕೊಡಬೇಕಾದ್ದರಿಂದ ಅದರ ಹಿಂದಿನ ಮೂರು ತಿಂಗಳು ಯಾವ ಕಾರ್ಯಕ್ರಮವನ್ನೂ ಒಪ್ಪಬೇಡಿ. ಕೊನೆಯ ಆರು ತಿಂಗಳಿಗೆ ವಾರಕ್ಕೆ ಎರಡು ಸಲ ಹತ್ತು ಹತ್ತು ನಿಮಿಷ, ಗೊತ್ತಿರುವುದನ್ನೇ ನುಡಿಸಿ.

ಒಂದನ್ನು ಮಾತ್ರ ಹೊತ್ತಿನ ಕೊರತೆ ಎಂದು ತಳ್ಳಿಹಾಕಬೇಡಿ. ಹೊತ್ತು ಇದ್ದೂ ಎರಡು ವಾರ ಸತತವಾಗಿ ಯಾವುದರಲ್ಲೂ ರುಚಿ ಇಲ್ಲ, ರಜೆಯ ದಿನವೂ ನಿದ್ದೆ ಬಾರದು, ಮಗು ಹತ್ತಿರ ಬಂದರೂ ಬೇಡವೆನಿಸುತ್ತದೆ ಎಂದಾದರೆ ಅದು ಖಿನ್ನತೆಯ ಲಕ್ಷಣ. ಬೇರೆಯವರಲ್ಲಾದರೆ ನೀವೇ ಕೂಡಲೇ ಗುರುತಿಸುತ್ತಿದ್ದಿರಿ. ನಿಮ್ಮದೇ ಕಾಲೇಜಿನ ಮನೋವೈದ್ಯರ ಬಳಿ ಹೋಗಲು ಹಿಂಜರಿಕೆ ಇದ್ದರೆ ಬೇರೆ ಆಸ್ಪತ್ರೆಗೆ ಹೋಗಿ, ಇಲ್ಲವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.