ಜಪ್ಪಯ್ಯ ಅಂದ್ರೂ ಬಿಡದ ಡ್ರೈವ್‌ಶಾಫ್ಟ್, ಬಾಲ್ ಜಾಯಿಂಟ್: ಮನೇಲಿ ಬಿಚ್ಚೋದು ಹೇಗೆ

ಡ್ರೈವ್‌ಶಾಫ್ಟ್ ಅಂದ್ರೆ ಗೇರ್‌ಬಾಕ್ಸಿಂದ ಚಕ್ರ ತಿರುಗಿಸೋ ಸರಳು, ಬಾಲ್ ಜಾಯಿಂಟ್ ಅಂದ್ರೆ ಚಕ್ರದ ಕಡೆ ಭಾಗವನ್ನ ಸಸ್ಪೆನ್ಶನ್ ತೋಳಿಗೆ ಸೇರಿಸೋ ಗುಂಡು ಕೀಲು. ಇವನ್ನ ಬಿಚ್ಚೋದು ವಿಡಿಯೋದಲ್ಲಿ ನೋಡಿದ್ರೆ ಅರ್ಧ ಗಂಟೆ ಕೆಲಸ. ನಟ್ಟು ಬಿಚ್ಚು, ಬಾಲ್ ಜಾಯಿಂಟ್ ಕಳಚು, ಶಾಫ್ಟ್ ಎಳಿ, ಮುಗೀತು. ಅವ್ರ ಕಾರು ಹೊಸದು ಸ್ವಾಮಿ. ಹತ್ತು ವರ್ಷ ಮಳೆ ನೀರು, ಕೆಸರು ಕುಡಿದಿರೋ ಕಾರಲ್ಲಿ ಕಥೆನೇ ಬೇರೆ. ತುಕ್ಕು ಅನ್ನೋದು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಿನ್ನುತ್ತೆ, ಹಂಗಾಗಿ ಬಿಗಿಯಾಗಿ ಕೂತಿರೋ ಎರಡು ಪಾರ್ಟ್ ಮಧ್ಯೆ ತುಕ್ಕು ಬೆಳೆದ್ರೆ ಒಳಗಡೆಯಿಂದ ಬೆಣೆ ಹೊಡೆದ ಹಾಗೇ ಆಗ್ಬಿಡುತ್ತೆ, ಆಮೇಲೆ ನೀವು ಕಾಲು ಕೊಟ್ಟು ಎಳೆದ್ರೂ ಅಲ್ಲಾಡಲ್ಲ.

ಸುತ್ತಿಗೆ ಎತ್ತೋ ಮುಂಚೆ ಒಂದು ತೀರ್ಮಾನ ಮಾಡ್ಕೊಳ್ಳಿ: ಇವತ್ತು ಯಾವ ಪಾರ್ಟ್ ಹಾಳಾದ್ರೂ ಪರವಾಗಿಲ್ಲ, ಯಾವುದು ಉಳೀಲೇಬೇಕು? ಹೊಸ ಶಾಫ್ಟ್ ತಂದಿಟ್ಟಿದ್ರೆ ಹಳೇದಕ್ಕೆ ಎಷ್ಟು ಬೇಕಾದ್ರೂ ಬಡೀರಿ. ಬರೀ ಬೇರಿಂಗ್ ಬದಲಾಯಿಸ್ತಾ ಇದ್ದು ಅದೇ ಶಾಫ್ಟ್ ವಾಪಸ್ ಹಾಕೋದಾದ್ರೆ ಅದರ ತ್ರೆಡ್ ಮೇಲೆ ಸುತ್ತಿಗೆ ಬೀಳಲೇಬಾರದು. ಇದನ್ನ ಯೋಚನೆ ಮಾಡದೆ ಶುರು ಮಾಡಿ ನಾನು ಒಂದ್ಸಲ ಚೆನ್ನಾಗಿದ್ದ ಶಾಫ್ಟ್‌ನ ತುದಿಯನ್ನ ಅಣಬೆ ಥರ ಮಾಡಿಟ್ಟೆ, ಹೊರಗೆ ಬಂತು ನಿಜ, ಆದ್ರೆ ನಟ್ಟು ವಾಪಸ್ ಏರ್ಲೇ ಇಲ್ಲ.

ಹಿಂದಿನ ದಿನ ರಾತ್ರಿನೇ ಕೆಲಸ ಶುರು. ವೈರ್ ಬ್ರಶ್ಶಲ್ಲಿ ತ್ರೆಡ್ ಮೇಲಿರೋ ಮಣ್ಣು ತುಕ್ಕು ಉಜ್ಜಿ ತೆಗೆದು ಪೆನೆಟ್ರೇಟಿಂಗ್ ಆಯಿಲ್ (ತುಕ್ಕಿನ ಸಂದಿಗೆ ಇಳಿಯೋ ಎಣ್ಣೆ) ಹೊಡೀರಿ, ಒಂದೆರಡು ಗಂಟೆ ಬಿಟ್ಟು ಇನ್ನೊಂದ್ಸಲ, ಮಲಗೋ ಮುಂಚೆ ಇನ್ನೊಂದ್ಸಲ. ಎಲ್ರ ಮನೇಲೂ ಇರೋ ಡಬ್ಲ್ಯೂಡಿ-40 ಮೂಲತಃ ನೀರು ಓಡಿಸೋಕೆ ಮಾಡಿದ್ದು, ಏನೂ ಇಲ್ದೇ ಇದ್ರೆ ಅದೇ ಹಾಕಿ, ಆದ್ರೆ ತುಕ್ಕು ಹಿಡಿದ ಬೋಲ್ಟಿಗೆ ಅಂತಲೇ ಬರೋ ಆಯಿಲ್ ಇನ್ನೂ ಚೆನ್ನಾಗಿ ಒಳಗೆ ಇಳಿಯುತ್ತೆ. ಆಯಿಲ್ ಹಾಕಿ ಐದೇ ನಿಮಿಷಕ್ಕೆ ಸ್ಪ್ಯಾನರ್ ಹಾಕೋದಾದ್ರೆ ಅದನ್ನ ಹಾಕಿದ್ದೇ ದಂಡ.

ಆಕ್ಸಲ್ ನಟ್ಟನ್ನ (ಚಕ್ರದ ಮಧ್ಯೆ ಶಾಫ್ಟ್ ತುದಿಗಿರೋ ದೊಡ್ಡ ನಟ್ಟು) ಕಾರು ನೆಲದ ಮೇಲೆ ಇರುವಾಗ್ಲೇ ಸಡಿಲ ಮಾಡ್ಬೇಕು, ಯಾರಾದ್ರೂ ಬ್ರೇಕ್ ಒತ್ತಿ ಹಿಡೀಲಿ. ಅದಕ್ಕೂ ಮುಂಚೆ ನಟ್ಟಿನ ಅಂಚು ಶಾಫ್ಟಿನ ಕಚ್ಚಿನೊಳಕ್ಕೆ ತಟ್ಟಿ ಲಾಕ್ ಮಾಡಿದಾರಾ ಅಥವಾ ಸ್ಪ್ಲಿಟ್ ಪಿನ್ ಇದೆಯಾ ನೋಡಿ, ಆ ಲಾಕನ್ನ ಚಿಕ್ಕ ಚಾಣದಲ್ಲಿ ಪೂರ್ತಿ ಎತ್ತದೆ ತಿರುಗಿಸಿದ್ರೆ ತ್ರೆಡ್ ಕಿತ್ತು ಬರುತ್ತೆ. ಆರು ಮೂಲೆಯ ನಟ್ಟಿಗೆ ಆರು ಮೂಲೆಯ ಸಾಕೆಟ್ಟೇ ಬೇಕು, ಹನ್ನೆರಡು ಮೂಲೇದು ಜಾರಿ ನಟ್ಟನ್ನ ಗುಂಡಗೆ ಮಾಡುತ್ತೆ. ಎಷ್ಟೋ ಕಾರುಗಳಲ್ಲಿ ಇದನ್ನ 200 ನ್ಯೂಟನ್ ಮೀಟರ್‌ಗಿಂತ ಮೇಲೆ ಬಿಗಿ ಮಾಡಿರ್ತಾರೆ, ಅದರ ಮೇಲೆ ತುಕ್ಕು ಬೇರೆ, ಸೋ ಉದ್ದನೆ ಬ್ರೇಕರ್ ಬಾರ್‌ಗೆ ಪೈಪ್ ಸಿಗಿಸಿ. ಸ್ವಲ್ಪ ಸಡಿಲ ಆದ್ರೆ ಸಾಕು, ನಿಲ್ಲಿಸಿ. ಬಿಚ್ಚಿದ ಮೇಲೆ ಕಾರು ಉರುಳಿಸಬೇಡಿ, ಎಷ್ಟೋ ಬೇರಿಂಗ್‌ಗಳು ಆ ನಟ್ಟಿನ ಬಿಗಿಯಲ್ಲೇ ಕೂತಿರ್ತವೆ.

ಇನ್ನು ಕಾರು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿ ನಂಬಿ ಕೆಳಗೆ ತಲೆ ಹಾಕೋರಿಗೆ ನಾನು ಹೇಳೋದೇನೂ ಇಲ್ಲ, ಇಲ್ಲಿ ಎಳೆಯೋದು ಬಡಿಯೋದು ಜಾಸ್ತಿ ಇರೋದ್ರಿಂದ ಕಾರು ಖಂಡಿತ ಅಲ್ಲಾಡುತ್ತೆ. ಹಿಂದಿನ ಚಕ್ರಕ್ಕೆ ಅಡ್ಡ ಇಡಿ, ಕಣ್ಣಿಗೆ ಕನ್ನಡಕ ಹಾಕಿ.

ಬಾಲ್ ಜಾಯಿಂಟ್ ಎರಡು ಥರ. ಮೊದಲನೇದು ಓರೆಯಾಗಿ ಚೂಪಾಗ್ತಾ ಹೋಗೋ ಪಿನ್ ಇದ್ದು ನಟ್ಟಿನಿಂದ ಬಿಗಿ ಮಾಡೋದು. ಇದರಲ್ಲಿ ಎಲ್ರೂ ಪಿನ್ನಿನ ತುದಿಗೆ ಬಡೀತಾರೆ, ತಪ್ಪು. ನಟ್ಟನ್ನ ನಾಲ್ಕು ಸುತ್ತು ಬಿಚ್ಚಿ ಹಾಗೇ ಬಿಡಿ, ಪಿನ್ ಕೂತಿರೋ ನಕಲ್‌ನ (ಚಕ್ರದ ಬೇರಿಂಗ್ ಹಿಡಿದಿರೋ ದೊಡ್ಡ ಲೋಹದ ತುಂಡು) ಕಣ್ಣಿನ, ಅಂದ್ರೆ ಪಿನ್ ತೂತಿನ ಅಂಚಿನ, ಪಕ್ಕಕ್ಕೆ ದೊಡ್ಡ ಸುತ್ತಿಗೆಯಿಂದ ಎರಡು ಮೂರು ಗಟ್ಟಿ ಪೆಟ್ಟು ಕೊಡಿ, ಎದುರುಗಡೆ ಇನ್ನೊಂದು ಭಾರದ ಸುತ್ತಿಗೆ ಆನಿಸಿ ಹಿಡಿದ್ರೆ ಇನ್ನೂ ಒಳ್ಳೇದು. ಆ ಪೆಟ್ಟಿಗೆ ಕಣ್ಣು ಒಂದು ಕ್ಷಣ ಆಕಾರ ಬಿಡುತ್ತೆ, ಪಿನ್ ಟಪ್ ಅಂತ ಜಾರುತ್ತೆ. ನಟ್ಟು ಬಿಟ್ಟಿದ್ದು ಯಾಕೆ ಅಂತ ಆಗ ಗೊತ್ತಾಗುತ್ತೆ, ಇಲ್ದಿದ್ರೆ ಲೋಯರ್ ಆರ್ಮ್ (ಚಕ್ರವನ್ನ ಕೆಳಗಡೆ ಹಿಡಿದಿರೋ ಸಸ್ಪೆನ್ಶನ್ ತೋಳು) ಎಗರಿ ಮೊಣಕಾಲಿಗೆ ಬಡೀತಿತ್ತು. ನಕಲ್ ಅಲ್ಯೂಮಿನಿಯಂ ಆಗಿದ್ರೆ ಹೀಗೆ ಬಡೀಬೇಡಿ, ಪುಲ್ಲರ್ (ಸ್ಕ್ರೂ ತಿರುಗಿಸಿ ಒತ್ತಿ ಬಿಡಿಸೋ ಸಾಧನ) ಹಾಕಿ. ಪಿಕಲ್ ಫೋರ್ಕ್ ಅನ್ನೋ ಕವಲು ಬೆಣೆ ಜಾಯಿಂಟಿನ ಬೂಟು, ಅಂದ್ರೆ ರಬ್ಬರ್ ಕವಚ, ಹರಿದು ಹಾಕುತ್ತೆ, ಜಾಯಿಂಟ್ ಎಸೆಯೋದಾದ್ರೆ ಮಾತ್ರ ಬಳಸಿ.

ಎರಡನೇ ಥರದ್ದೇ ನಿಜವಾದ ತಲೆನೋವು, ಪಿಂಚ್ ಬೋಲ್ಟ್, ಅಂದ್ರೆ ಸೀಳಿರೋ ಕಣ್ಣನ್ನ ಪಿನ್ನಿನ ಸುತ್ತ ಬಿಗಿ ಹಿಡಿಯೋ ಬೋಲ್ಟು. ಇದು ಪಿನ್ನಿನ ಪಕ್ಕದ ಕಚ್ಚಿನಲ್ಲಿ ಹಾದು ಹೋಗುತ್ತೆ, ಹಂಗಾಗಿ ಬರೀ ಸಡಿಲ ಮಾಡಿದ್ರೆ ಸಾಲಲ್ಲ, ಪೂರ್ತಿ ಆಚೆ ಬರ್ಬೇಕು. ಒಂದೇ ದಿಕ್ಕಿಗೆ ಎಳೀಬೇಡಿ. ಸ್ವಲ್ಪ ಬಿಚ್ಚಿ, ಬಿಗಿ ಅನ್ಸಿದ ತಕ್ಷಣ ವಾಪಸ್ ತಿರುಗಿಸಿ, ಆಯಿಲ್ ಹಾಕಿ, ಮತ್ತೆ ಸ್ವಲ್ಪ ಬಿಚ್ಚಿ. ಬೋಲ್ಟು ರಬ್ಬರ್ ಥರ ಮೆತ್ತಗೆ ತಿರುಗ್ತಾ ಇದೆ ಅನ್ಸಿದ್ರೆ ಅದು ಬಿಚ್ಕೊಳ್ತಾ ಇಲ್ಲ, ತಿರುಚ್ಕೊಂಡು ಮುರಿಯೋಕೆ ರೆಡಿ ಆಗ್ತಾ ಇದೆ, ಅಲ್ಲೇ ಕೈ ಬಿಡಿ. ಬೋಲ್ಟು ಬಂದ ಮೇಲೆ ಸೀಳಿಗೆ ಚಾಣ ಇಟ್ಟು ಒಂಚೂರು ಅಗಲ ಮಾಡಿ, ಆರ್ಮನ್ನ ಕೆಳಕ್ಕೆ ಒತ್ತಿ.

ಬಿಸಿ ಮಾಡೋದು ಕೊನೇ ದಾರಿ, ಆದ್ರೆ ಭಾರಿ ಕೆಲಸ ಮಾಡುತ್ತೆ. ಬೋಲ್ಟನ್ನಲ್ಲ, ಅದರ ಸುತ್ತಲಿನ ಲೋಹವನ್ನ ಬಿಸಿ ಮಾಡಿ, ಅದು ಹಿಗ್ಗಿದ್ರೆ ಹಿಡಿತ ಬಿಡುತ್ತೆ. ಬೂಟು, ಎಬಿಎಸ್ ಸೆನ್ಸರ್, ಬ್ರೇಕ್ ಹೋಸ್, ಬೇರಿಂಗ್ ಹತ್ರ ಬೆಂಕಿ ಬೇಡ. ಶಾಕ್ ಅಬ್ಸಾರ್ಬರ್‌ಗೆ ಯಾವತ್ತೂ ಬೇಡ. ಅಲ್ಯೂಮಿನಿಯಂ ಕೆಂಪಗಾಗ್ದೇನೇ 660 ಡಿಗ್ರಿ ಸುಮಾರಿಗೆ ಕರಗಿಬಿಡುತ್ತೆ, ಅದಕ್ಕೂ ಎಷ್ಟೋ ಮುಂಚೆನೇ ಗಟ್ಟಿತನ ಕಳ್ಕೊಳ್ಳುತ್ತೆ. ಆಯಿಲ್ ಒರೆಸಿದ ಮೇಲೇ ಬೆಂಕಿ ಹಚ್ಚಿ, ಮತ್ತೆ ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕಂತೂ ಬೇಡ್ವೇ ಬೇಡ, ಕೆಲವದರಲ್ಲಿ ಕ್ಲೋರಿನ್ ಇರುತ್ತೆ, ಅದು ಸುಟ್ರೆ ಫಾಸ್ಜೀನ್ ಅನ್ನೋ ವಿಷದ ಗಾಳಿ ಹುಟ್ಟುತ್ತೆ.

ಈಗ ಹಬ್ಬಿನೊಳಗೆ (ಚಕ್ರ ಬಿಗಿಯೋ ಭಾಗ) ಹಿಡ್ಕೊಂಡಿರೋ ಶಾಫ್ಟ್. ನಟ್ಟನ್ನ ಶಾಫ್ಟ್ ತುದಿಗೆ ಸಮ ಬರೋ ಹಾಗೆ ವಾಪಸ್ ಹಾಕಿ, ಮರದ ತುಂಡು ಅಥವಾ ಹಿತ್ತಾಳೆ ಸರಳು ಇಟ್ಟು ಒಂದೆರಡು ಪೆಟ್ಟು ಕೊಟ್ಟು ನೋಡಿ. ಬರಲಿಲ್ವಾ, ಬಡಿಯೋದು ನಿಲ್ಲಿಸಿ, ಯಾಕಂದ್ರೆ ಆ ಪೆಟ್ಟೆಲ್ಲ ಒಳಗಡೆ ಜಾಯಿಂಟಿಗೆ, ಬೇರಿಂಗಿಗೆ ಹೋಗುತ್ತೆ. ವೀಲ್ ಬೋಲ್ಟ್ ಜಾಗಕ್ಕೆ ಬಿಗಿಯೋ ಹಬ್ ಪುಲ್ಲರ್ ಬಾಡಿಗೆಗಾದ್ರೂ ತನ್ನಿ. ಗಟ್ಟಿ ಟೈಟ್ ಮಾಡಿ, ಪುಲ್ಲರ್ ಸ್ಕ್ರೂ ತಲೆಗೆ ಒಂದು ಪೆಟ್ಟು, ಮತ್ತೆ ಕಾಲು ಸುತ್ತು ಟೈಟ್. ಅಲ್ಲಾಡದಿದ್ರೆ ಹಾಗೇ ಟೆನ್ಶನ್ನಲ್ಲಿ ಬಿಟ್ಟು ಟೀ ಕುಡಿಯೋಕೆ ಹೋಗಿ. ನಂದು ಒಂದ್ಸಲ ನಾನು ಒಳಗೆ ಕೂತಿರುವಾಗ್ಲೇ ಗುಂಡು ಹೊಡೆದ ಹಾಗೆ ಸದ್ದು ಮಾಡಿ ಬಿಟ್ಟಿತ್ತು, ಯಾರೋ ಗೇಟಿಗೆ ಗುದ್ದಿದ್ರು ಅಂದ್ಕೊಂಡೆ.

ಗೇರ್‌ಬಾಕ್ಸ್ ಕಡೆ ತುದಿಯಲ್ಲಿ ಸಾಮಾನ್ಯವಾಗಿ ಒಂದು ಚಿಕ್ಕ ಸರ್ಕ್ಲಿಪ್ (ಉಂಗುರದಂಥ ಸ್ಪ್ರಿಂಗ್ ಕ್ಲಿಪ್) ಹಿಡಿದಿರುತ್ತೆ. ಶಾಫ್ಟ್ ಹಿಡಿದು ಎಳೆದ್ರೆ ಒಳಗಿನ ಜಾಯಿಂಟೇ ಬಿಚ್ಕೊಂಡು ಬೂಟೊಳಗೆ ಚೆಲ್ಲಾಪಿಲ್ಲಿ ಆಗುತ್ತೆ, ಹಂಗಾಗಿ ಜಾಯಿಂಟಿನ ಬಾಡಿಗೂ ಗೇರ್‌ಬಾಕ್ಸಿಗೂ ಮಧ್ಯೆ ಪ್ರೈ ಬಾರ್ ಇಟ್ಟು ಒಂದು ಝಟ್ಕಾ ಕೊಡಿ, ಆಯಿಲ್ ಸೀಲಿಗೆ ತಾಗದ ಹಾಗೆ. ಕೆಳಗೆ ಟ್ರೇ ಇಡಿ, ಎಣ್ಣೆ ಸುರಿಯುತ್ತೆ.

ಸ್ಟೆಬಿಲೈಸರ್ ಲಿಂಕಿನ (ಕಾರು ಓಲಾಡದ ಹಾಗೆ ಹಿಡಿಯೋ ಸರಳಿನ ಕೊಂಡಿ) ನಟ್ಟು ಜೊತೆ ಪಿನ್ನೂ ತಿರುಗಿದ್ರೆ ಅಲೆನ್ ಕೀಲಿ ಹಿಡಿದು ನೋಡಿ, ಆಗದಿದ್ರೆ ಗ್ರೈಂಡರ್ ತಗೊಳ್ಳಿ, ಹೇಗೂ ಹೊಸದು ಹಾಕ್ತೀರ. ಆರ್ಮ್ ಬೋಲ್ಟು ಬುಶ್ಶಿನ (ಆರ್ಮ್ ತುದಿಯ ರಬ್ಬರ್ ಬಳೆ) ಒಳಗಿನ ಸ್ಲೀವಿಗೇ ಹಿಡ್ಕೊಂಡಿದ್ರೂ ಅಷ್ಟೇ, ಬೋಲ್ಟು ತಿರುಗ್ತಾ ಇದ್ರೂ ಆಚೆ ಬರಲ್ಲ, ರಬ್ಬರ್ ಮಾತ್ರ ತಿರುಚುತ್ತೆ, ಎರಡೂ ಪಕ್ಕ ಕತ್ತರಿಸೋದೇ ದಾರಿ. ಸ್ಟ್ರಟ್ (ಸ್ಪ್ರಿಂಗ್ ಜೊತೆಗಿರೋ ಶಾಕ್ ಅಬ್ಸಾರ್ಬರ್) ಮೇಲಿನ ಮಧ್ಯದ ನಟ್ಟನ್ನ ಮಾತ್ರ ಸ್ಪ್ರಿಂಗ್ ಕಂಪ್ರೆಸರ್ ಇಲ್ದೆ ಮುಟ್ಟಬೇಡಿ, ಅದು ಕೈ ಮುರಿಯೋ ವಿಷಯ.

ವಾಪಸ್ ಹಾಕುವಾಗ ಸ್ಪ್ಲೈನ್ (ಶಾಫ್ಟ್ ತುದಿಯ ಉದ್ದ ಹಲ್ಲುಗಳು) ವೈರ್ ಬ್ರಶ್ಶಲ್ಲಿ ಫಳಫಳ ಮಾಡಿ ತೆಳ್ಳಗೆ ಆಂಟಿ ಸೀಜ್ (ಮತ್ತೆ ಹಿಡ್ಕೊಳ್ಳದ ಹಾಗೆ ತಡೆಯೋ ಪೇಸ್ಟ್) ಹಚ್ಚಿ. ಆಕ್ಸಲ್ ನಟ್ಟಿನ ತ್ರೆಡ್ಡಿಗೆ ಮಾತ್ರ ಮ್ಯಾನ್ಯುಯಲ್ ಹೇಳದೆ ಏನೂ ಸವರಬೇಡಿ, ಜಾರಿಕೆ ಬಂದ್ರೆ ಅದೇ ಟಾರ್ಕಿಗೆ (ತಿರುಗಿಸೋ ಬಲಕ್ಕೆ) ಜಾಸ್ತಿ ಬಿಗಿ ಬೀಳುತ್ತೆ. ಲಾಕ್ ಆಗೋ ನಟ್ಟು ಹೊಸದೇ ಹಾಕಿ. ಬುಶ್ ಬೋಲ್ಟುಗಳನ್ನ ಚಕ್ರ ಗಾಳಿಯಲ್ಲಿ ತೂಗಾಡುವಾಗ ಫುಲ್ ಟೈಟ್ ಮಾಡಿದ್ರೆ ಕಾರು ಇಳಿಸಿದ ತಕ್ಷಣ ರಬ್ಬರ್ ತಿರುಚ್ಕೊಂಡು ಕೂರುತ್ತೆ, ಹೊಸ ಬುಶ್ ಬೇಗ ಹರಿಯುತ್ತೆ, ಆದ್ದರಿಂದ ಆರ್ಮ್ ಕೆಳಗೆ ಜಾಕಿ ಕೊಟ್ಟು ಕಾರು ನಿಂತಿರೋ ಎತ್ತರಕ್ಕೆ ತಂದು ಆಮೇಲೆ ಟೈಟ್ ಮಾಡಿ, ಸೋರಿದಷ್ಟು ಗೇರ್ ಆಯಿಲ್ ತುಂಬಿಸಿ.