ಬೆನ್ನಿಗೋ, ಕೈಗೋ, ಅಲ್ಲೇನಾ? ಅರಿವಳಿಕೆ ಆರಿಸುವ ನನ್ನ ಅನುಭವ

ನಾನು ಅರಿವಳಿಕೆ ವೈದ್ಯೆ. ಕಲಬುರಗಿಯ ನಾಲ್ಕಾರು ನರ್ಸಿಂಗ್ ಹೋಮ್‌ಗಳಿಗೆ ಹೋಗಿ ಕೇಸ್ ಮಾಡುತ್ತೇನೆ. ಸಿಸೇರಿಯನ್ ಬಿಟ್ಟರೆ ನನಗೆ ಜಾಸ್ತಿ ಬರುವುದು ಸ್ತ್ರೀರೋಗದ ಸಣ್ಣ ಚಿಕಿತ್ಸೆಗಳು. ಗರ್ಭಕೋಶದ ಒಳಪದರ ಕೆರೆದು ತೆಗೆಯುವ ಡಿ ಅಂಡ್ ಸಿ, ಸ್ಕೋಪ್ ಎಂಬ ಕ್ಯಾಮೆರಾ ಕೊಳವೆಯಿಂದ ಗರ್ಭಕೋಶದ ಒಳಗೆ ನೋಡುವ ಹಿಸ್ಟರೋಸ್ಕೋಪಿ, ಗರ್ಭಕೋಶದ ಬಾಯಿಯಿಂದ ತುಣುಕು ತೆಗೆಯುವುದು, ಯೋನಿಯ ಪಕ್ಕದಲ್ಲಿ ಏಳುವ ಬಾರ್ಥೋಲಿನ್ ಬಾವು. ಹೆಚ್ಚಿನವು ಹತ್ತಿಪ್ಪತ್ತು ನಿಮಿಷದ ಕೆಲಸ. ಆಪರೇಷನ್ ಸಣ್ಣದು ಅಂತ ಅರಿವಳಿಕೆಯ ಮಾತನ್ನೂ ಸಣ್ಣದು ಮಾಡಿಬಿಡುತ್ತಾರೆ. "ಸ್ವಲ್ಪ ಮತ್ತು ಬರೋ ಮದ್ದು ಕೊಡ್ತೀವಿ, ಏನೂ ಗೊತ್ತಾಗಲ್ಲ" ಅಂದರೆ ಮುಗಿಯಿತು. ನನಗೆ ಇದು ಒಪ್ಪಿಗೆಯಿಲ್ಲ. ಪಿತ್ತಕೋಶದ ಆಪರೇಷನ್‌ಗೆ ಆಯ್ಕೆ ಹೆಚ್ಚಿಲ್ಲ, ಪೂರ್ತಿ ನಿದ್ದೆ ಬರಿಸುವ ಜನರಲ್ ಅರಿವಳಿಕೆಯೇ. ಇಲ್ಲಿ ಹಾಗಲ್ಲ. ಒಂದೇ ಚಿಕಿತ್ಸೆಯನ್ನು ಮೂರು ನಾಲ್ಕು ರೀತಿ ಮಾಡಬಹುದು. ಆದ್ದರಿಂದ ಆಕೆಯನ್ನು ಕೇಳಲೇಬೇಕು.

ಕೇಳುವುದಕ್ಕೂ ಒಂದು ಜಾಗ ಬೇಕು. ಗಂಡ, ಅತ್ತೆ, ತಾಯಿ ಎಲ್ಲರೂ ಹಾಸಿಗೆಯ ಸುತ್ತ ನಿಂತಿರುವಾಗ ಯಾವ ಹೆಣ್ಣುಮಗಳೂ ಬಾಯಿ ಬಿಡುವುದಿಲ್ಲ. "ಬಿಪಿ ನೋಡ್ತೀನಿ, ನೀವೆಲ್ಲ ಒಂದೈದು ನಿಮಿಷ ಹೊರಗಿರ್ರಿ" ಅಂತ ಕಳಿಸುತ್ತೇನೆ. ಬಿಪಿ ನಿಜವಾಗಿಯೂ ನೋಡುತ್ತೇನೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂರುತ್ತೇನೆ. "ಯಾವ ಇಂಜೆಕ್ಷನ್ ಬೇಕು?" ಅಂತ ಕೇಳಿದರೆ "ನೀವು ಹೇಳಿದ್ಹಂಗ್ರಿ ಮೇಡಂ" ಎನ್ನುವ ಉತ್ತರವೇ ಬರುತ್ತದೆ. ಅದಕ್ಕೇ ನಾನು ಬೇರೆ ಥರ ಕೇಳುತ್ತೇನೆ: "ನಾಳೆ ಓಟಿಯಾಗ ನಿಮಗ ಏನು ಆಗಬಾರದು?"

ಈ ಪ್ರಶ್ನೆಗೆ ಬಾಯಿ ತೆರೆಯುತ್ತಾರೆ. ಕೆಲವರು "ನನಗ ಏನೂ ಗೊತ್ತಾಗಬಾರದ್ರಿ, ಕಣ್ಣು ಮುಚ್ಚಿ ಕಣ್ಣು ತೆಗೆಯೋದ್ರಾಗ ಮುಗಿಬೇಕ್ರಿ" ಎನ್ನುತ್ತಾರೆ. ಕೆಲವರದು ಇದಕ್ಕೆ ಉಲ್ಟಾ. "ಎಚ್ಚರ ತಪ್ಪಿಸಬ್ಯಾಡ್ರಿ. ನಾ ಹಂಗ ಮಲಗಿದಾಗ ಯಾರು ಬಂದ್ರು, ಯಾರು ಹೋದ್ರು, ನನಗ ಗೊತ್ತಿರಬೇಕ್ರಿ." ಎರಡರ ಬೇರೂ ಒಂದೇ, ನಾಚಿಕೆ ಮತ್ತು ಭಯ. ಆದರೆ ಎರಡಕ್ಕೂ ಬೇಕಾದ ಅರಿವಳಿಕೆ ಪೂರ್ತಿ ಬೇರೆ. ಕೇಳದೆ ಇದನ್ನು ಊಹಿಸಲು ಆಗುವುದಿಲ್ಲ. ಓದಿದವರು ಹೀಗೆ, ಹಳ್ಳಿಯವರು ಹೀಗೆ ಅನ್ನುವ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ.

ಆಕೆ ಹೇಳಿದ್ದನ್ನು ಇಟ್ಟುಕೊಂಡು ನಾನು ನರಗಳ ಕಡೆ ನೋಡುತ್ತೇನೆ. ಗರ್ಭಕೋಶದ ಮೇಲಿನ ಭಾಗದ ನೋವು ಎದೆಯ ಹತ್ತನೇ ನರದಿಂದ ಸೊಂಟದ ಮೊದಲ ನರದವರೆಗಿನ ದಾರಿಯಲ್ಲಿ ಹೋಗುತ್ತದೆ. ಗರ್ಭಕೋಶದ ಬಾಯಿಯದು, ಯೋನಿಯದು, ಹೊರಗಿನ ತುಟಿಗಳ ಬಹುಪಾಲು ನೋವು ಕೆಳಗಡೆ, ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಯ ಎರಡರಿಂದ ನಾಲ್ಕನೇ ನರಗಳ ಮೂಲಕ. ಒಂದೇ ಮನೆಗೆ ಎರಡು ಕಂಬದಿಂದ ಕರೆಂಟ್ ಬಂದ ಹಾಗೆ. ಕೆಳಗಿನ ಕಂಬ ಆಫ್ ಮಾಡಿದರೆ ಮೇಲಿನ ಲೈಟ್ ಉರಿಯುತ್ತಲೇ ಇರುತ್ತದೆ. ಆದ್ದರಿಂದ ಡಾಕ್ಟರ್ ಎಲ್ಲಿ ಕೈ ಹಾಕುತ್ತಾರೆ ಎನ್ನುವುದನ್ನು ಮೊದಲು ಖಚಿತ ಮಾಡಿಕೊಳ್ಳುತ್ತೇನೆ. "ಹಿಸ್ಟರೋಸ್ಕೋಪಿ" ಎಂಬ ಒಂದೇ ಪದ ನನಗೆ ಸಾಲದು. ಸುಮ್ನೆ ಒಳಗೆ ನೋಡುವುದಾ, ಒಳಪದರದಿಂದ ಬೆಳೆದ ಪಾಲಿಪ್ ಕತ್ತರಿಸುವುದಾ, ಫೈಬ್ರಾಯ್ಡ್ ಎಂಬ ಗಡ್ಡೆ ಕೆರೆದು ತೆಗೆಯುವುದಾ? ಯಾವ ಅಳತೆಯ ಸ್ಕೋಪ್? ಒಳಗೆ ಬಿಡುವ ದ್ರವ ಉಪ್ಪುನೀರಿನ ಸಲೈನಾ, ಉಪ್ಪಿಲ್ಲದ ಗ್ಲೈಸಿನ್ನಾ?

ತೆಳ್ಳನೆಯ ಸ್ಕೋಪ್‌ನಲ್ಲಿ ಬರೀ ನೋಡುವುದಾದರೆ ಬಹಳ ಮಂದಿಗೆ ಅರಿವಳಿಕೆಯೇ ಬೇಡ. ಒಂದು ಗಂಟೆ ಮೊದಲು ಐಬುಪ್ರೊಫೆನ್ ಮಾತ್ರೆ ಸಾಕು. ಮುಟ್ಟಿನ ನೋವಿನಂತೆ ಹಿಂಡುತ್ತದೆ, ಮುಗಿದ ಮೇಲೆ ಇಳಿಯುತ್ತದೆ. ಆದರೆ "ಸಾಕು" ಎಂದು ಹೇಳಬೇಕಾದವಳು ಆಕೆಯೇ, ನಾವಲ್ಲ. ಕೆಲವರಿಗೆ ಅದೇ ನೋವು ತಡೆಯಲಾರದ್ದು. ನಿಲ್ಲಿಸಿ ಎಂದರೆ ನಿಲ್ಲಿಸಿ, ಇನ್ನೊಂದು ದಿನ ಬೇರೆ ಅರಿವಳಿಕೆಯಲ್ಲಿ ಮಾಡುವುದು ಎಂದು ಮೊದಲೇ ಮಾತಾಗಿರಬೇಕು.

ಗರ್ಭಕೋಶದ ಬಾಯಿಯನ್ನು ಹಿಗ್ಗಿಸಬೇಕಾದರೆ ಪ್ಯಾರಾಸರ್ವೈಕಲ್ ಬ್ಲಾಕ್ ಎಂಬ ಲೋಕಲ್, ಅಂದರೆ ಆ ಜಾಗವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್, ಇದೆ. ಇದನ್ನು ಕೊಡುವುದು ಸ್ತ್ರೀರೋಗ ತಜ್ಞೆಯೇ. ನಾನು ತಲೆಯ ಹತ್ತಿರ ಕೂತಿರುತ್ತೇನೆ. ಒಬ್ಬ ಶಾಲಾ ಶಿಕ್ಷಕಿಗೆ ಪಾಲಿಪ್ ಇತ್ತು. ಎಚ್ಚರವಿರಬೇಕು, ಸ್ಕೋಪ್‌ನ ಚಿತ್ರ ಬರುವ ಟಿವಿಯಲ್ಲಿ ತಾನೂ ನೋಡಬೇಕು ಎಂದರು. ಸೂಜಿ ಚುಚ್ಚುವ ಕ್ಷಣಕ್ಕೆ "ಒಮ್ಮೆ ಜೋರಾಗಿ ಕೆಮ್ಮಿರಿ ಟೀಚರ್" ಎಂದೆ. ಕೆಮ್ಮುವಾಗ ಚುಚ್ಚಿದರೆ ಅಷ್ಟಾಗಿ ತಿಳಿಯುವುದಿಲ್ಲ. ಗರ್ಭಕೋಶದ ಬಾಯಿಯನ್ನು ಗಡಿಯಾರದ ಮುಖವೆಂದು ಅಂದುಕೊಂಡರೆ ನಾಲ್ಕು ಮತ್ತು ಎಂಟು ಗಂಟೆಯ ಜಾಗಕ್ಕೆ ಮದ್ದು ಹೋಗುತ್ತದೆ. ಮೂರು ಮತ್ತು ಒಂಬತ್ತರಲ್ಲಿ ದೊಡ್ಡ ರಕ್ತನಾಳಗಳಿವೆ, ಅಲ್ಲಿ ಬೇಡ. ಪ್ರತಿ ಸಲ ಸಿರಿಂಜ್ ಹಿಂದಕ್ಕೆ ಎಳೆದು, ರಕ್ತ ಬರಲಿಲ್ಲ ಎಂದು ನೋಡಿಯೇ ಮದ್ದು ತಳ್ಳಬೇಕು. ಅಡ್ರಿನಲಿನ್ ಬೆರೆಸದ ಲಿಗ್ನೋಕೇನ್ ಎಂಬ ಈ ಮರಗಟ್ಟಿಸುವ ಮದ್ದಿಗೆ ಪುಸ್ತಕದ ಮಿತಿ ಕೆಜಿಗೆ 4.5 ಮಿಲಿಗ್ರಾಂ. ಆ ಭಾಗದಲ್ಲಿ ರಕ್ತಸಂಚಾರ ಜಾಸ್ತಿ, ಮದ್ದು ಬೇಗ ರಕ್ತಕ್ಕೆ ಸೇರುತ್ತದೆ. ಹಾಗಾಗಿ ನಾನು 3ಕ್ಕೇ ನಿಲ್ಲಿಸಲು ಹೇಳುತ್ತೇನೆ. 50 ಕೆಜಿ ತೂಕದವರಿಗೆ 1% ಮದ್ದು 15 ಎಂಎಲ್, ಅಷ್ಟೇ. "ತುಟಿ ಜುಮ್ ಅಂದ್ರ, ಕಿವಿಯೊಳಗ ಗುಂಯ್ ಅಂದ್ರ ಕೂಡಲೇ ಹೇಳ್ರಿ" ಅಂತ ಮೊದಲೇ ತಿಳಿಸಿರುತ್ತೇನೆ. ಅದು ಮದ್ದು ರಕ್ತದಲ್ಲಿ ಹೆಚ್ಚಾದ ಗುರುತು.

ಆಮೇಲೆ ಮೂರ್ನಾಲ್ಕು ನಿಮಿಷ ಕಾಯಬೇಕು. ಬಿಡುವಿಲ್ಲದ ಓಟಿಯಲ್ಲಿ ಎಲ್ಲರೂ ಅವಸರ ಮಾಡುವುದು ಇಲ್ಲೇ. ನಾನು ಬಿಡುವುದಿಲ್ಲ. ಆ ಟೀಚರ್ ಜೊತೆ ಪರೀಕ್ಷೆ ಪೇಪರ್ ತಿದ್ದುವ ವಿಷಯ ಮಾತಾಡುತ್ತಾ ಕೂತೆ. ಸ್ಕೋಪ್ ಒಳಗೆ ಹೋಗಿ ದ್ರವ ತುಂಬಿದಾಗ ಮುಖ ಕಿವುಚಿದರು, ನನ್ನ ಕೈ ಒತ್ತಿದರು. ಅದು ಮೇಲಿನ ದಾರಿಯ ನೋವು. ಈ ಬ್ಲಾಕ್ ಅದನ್ನು ಪೂರ್ತಿ ತೆಗೆಯುವುದಿಲ್ಲ ಎಂದು ಹಿಂದಿನ ದಿನವೇ ಹೇಳಿದ್ದೆ. ಪಾಲಿಪ್ ಟಿವಿಯಲ್ಲಿ ಕಂಡಾಗ "ಇದೇನ್ರಿ ಅದು? ಇಷ್ಟರ ಸಲುವಾಗಿ ನನಗ ಅಷ್ಟು ರಕ್ತ ಹೋತೇನ್ರಿ?" ಅಂದರು. ಗರ್ಭಕೋಶದ ಬಾಯಿ ಹಿಗ್ಗಿಸುವಾಗ ಕೆಲವರಿಗೆ ನಾಡಿ ಇದ್ದಕ್ಕಿದ್ದಂತೆ ಇಳಿದು ತಲೆ ತಿರುಗುತ್ತದೆ. ಲೋಕಲ್ ಕೇಸ್ ಆದರೂ ಕೈಗೆ ಸೂಜಿ ಹಾಕಿ, ನಾಡಿ ಏರಿಸುವ ಅಟ್ರೋಪಿನ್ ಸಿರಿಂಜಿಗೆ ಎಳೆದು ಪಕ್ಕದಲ್ಲಿ ಇಟ್ಟುಕೊಂಡೇ ನಾನು ಶುರು ಮಾಡಲು ಬಿಡುವುದು.

ಬಾರ್ಥೋಲಿನ್ ಬಾವಿನ ಕಥೆ ಬೇರೆ. ನೋಡಲು ಹೊರಗೇ ಇದೆ, ಲೋಕಲ್ ಸಾಕು ಅನಿಸುತ್ತದೆ. ಆದರೆ ಕೀವು ತುಂಬಿ ಕೆಂಪಾದ ಜಾಗದಲ್ಲಿ ಆಮ್ಲ ಜಾಸ್ತಿ. ಅಲ್ಲಿ ಲಿಗ್ನೋಕೇನ್ ನರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಚುಚ್ಚುವ ನೋವು ಸಿಕ್ಕಿತು, ಮರಗಟ್ಟುವ ಸುಖ ಸಿಗಲಿಲ್ಲ ಎನ್ನುವಂತಾಗುತ್ತದೆ. ಎದ್ದು ಕೂರಲೂ ಆಗದೆ ಅಳುತ್ತಾ ಬಂದವಳಿಗೆ ಅದೇ ಜಾಗಕ್ಕೆ ಸೂಜಿ ಹಾಕಿಸುವುದು ನನಗೆ ಸರಿ ಕಾಣುವುದಿಲ್ಲ. ಜ್ವರ, ಸೋಂಕು ಮೈಗೆ ಹರಡಿಲ್ಲ ಎಂದು ಖಾತ್ರಿಯಾದರೆ ಸ್ಯಾಡಲ್ ಬ್ಲಾಕ್ ನನ್ನ ಆಯ್ಕೆ. ಬೆನ್ನಿಗೆ ಒಂದು ಎಂಎಲ್‌ನಷ್ಟು, ಕೆಳಗಿಳಿಯಲೆಂದು ಭಾರ ಮಾಡಿದ ಬುಪಿವಕೇನ್ ಎಂಬ ಮರಗಟ್ಟಿಸುವ ಮದ್ದು ಕೊಟ್ಟು, ಐದು ನಿಮಿಷ ಕೂರಿಸಿಯೇ ಇರುವುದು. ನೋಯದ ಕಡೆಗೆ ವಾಲಿ ಕೂತರೂ ಸರಿ. ಮದ್ದು ಕೆಳಗಿಳಿದು, ಕುದುರೆಯ ಜೀನು ತಾಗುವ ಭಾಗವಷ್ಟೇ ಮರಗಟ್ಟುತ್ತದೆ. ಕಾಲು ಹೆಚ್ಚುಕಡಿಮೆ ಆಡುತ್ತಲೇ ಇರುತ್ತವೆ, ಬಿಪಿಯೂ ಅಷ್ಟಾಗಿ ಇಳಿಯುವುದಿಲ್ಲ. ಆದರೆ ಇದೇ ಸ್ಯಾಡಲ್ ಹಿಸ್ಟರೋಸ್ಕೋಪಿಗೆ ಸಾಲದು, ಮೇಲಿನ ಕಂಬ ಆಫ್ ಆಗಿರುವುದಿಲ್ಲವಲ್ಲ.

ಸ್ಪೈನಲ್, ಅಂದರೆ ಬೆನ್ನಿನ ಇಂಜೆಕ್ಷನ್, ಅಂದ ಕೂಡಲೇ ನಮ್ಮ ಕಡೆ ಒಂದೇ ಮಾತು. "ಜೀವನಪೂರ್ತಿ ನಡ ನೋಯ್ತದಂತಲ್ರಿ?" ಸೂಜಿ ಹೋದ ಜಾಗ ಒಂದೆರಡು ದಿನ ಮುಟ್ಟಿದರೆ ನೋಯಬಹುದು. ವರ್ಷಗಟ್ಟಲೆ ಉಳಿಯುವ ಸೊಂಟ ನೋವಿಗೆ ಸ್ಪೈನಲ್ ಕಾರಣ ಎನ್ನಲು ಆಧಾರವಿಲ್ಲ. ಹೆರಿಗೆ, ಕೂಸನ್ನು ಎತ್ತುವುದು, ಬಗ್ಗಿ ಮಾಡುವ ಕೆಲಸ, ಇವೆಲ್ಲ ಯಾರ ಲೆಕ್ಕಕ್ಕೂ ಬರುವುದಿಲ್ಲ, ಸೂಜಿ ಮಾತ್ರ ನೆನಪಿರುತ್ತದೆ. ನಿಜವಾಗಿ ಹೇಳಬೇಕಾದದ್ದು ತಲೆನೋವಿನ ವಿಷಯ. ಒಂದೆರಡು ದಿನದ ಮೇಲೆ, ಎದ್ದು ಕೂತರೆ ಹೆಚ್ಚಾಗಿ ಮಲಗಿದರೆ ಕಡಿಮೆಯಾಗುವ ತಲೆನೋವು ಕೆಲವರಿಗೆ ಬರುತ್ತದೆ. ಚಿಕ್ಕ ವಯಸ್ಸಿನ ಹೆಂಗಸರಲ್ಲಿ ಸ್ವಲ್ಪ ಜಾಸ್ತಿ. ಪೆನ್ಸಿಲ್ ಮೊನೆಯ ತೆಳ್ಳನೆ ಸೂಜಿ ಬಳಸಿದರೆ ಬಹಳ ಕಡಿಮೆ. ಸ್ವಲ್ಪ ಬೆಲೆ ಹೆಚ್ಚು, ಆದರೂ ನನ್ನ ಬ್ಯಾಗಿನಲ್ಲಿ ಅದೇ ಇರುತ್ತದೆ.

ಫೈಬ್ರಾಯ್ಡ್ ಕೆರೆಯುವಂಥ ಉದ್ದದ ಹಿಸ್ಟರೋಸ್ಕೋಪಿಗೆ, ಅದರಲ್ಲೂ ಗ್ಲೈಸಿನ್ ಬಳಸುವಾಗ, ನಾನು ಸ್ಪೈನಲ್ ಕಡೆಗೇ ವಾಲುತ್ತೇನೆ. ಗ್ಲೈಸಿನ್ ರಕ್ತಕ್ಕೆ ಸೇರಿದರೆ ಸೋಡಿಯಂ ಇಳಿಯುತ್ತದೆ. ಎಚ್ಚರವಿರುವ ರೋಗಿ ಚಡಪಡಿಸುತ್ತಾಳೆ, ಮಾತು ತಪ್ಪುತ್ತಾಳೆ, ವಾಂತಿ ಬಂದ ಹಾಗಾಗುತ್ತದೆ ಎನ್ನುತ್ತಾಳೆ. ನಿದ್ದೆಯಲ್ಲಿರುವವಳು ಹೇಳಲಾರಳು. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಸಿಸ್ಟರ್ ಕೂಗಿ ಹೇಳುತ್ತಿರಬೇಕು. ಗ್ಲೈಸಿನ್‌ನಲ್ಲಿ ಒಂದು ಲೀಟರ್ ವ್ಯತ್ಯಾಸ ಬಂದರೆ ನಿಲ್ಲಿಸಬೇಕು. ಆರೋಗ್ಯವಂತರಿಗೆ ಸಲೈನ್‌ನಲ್ಲಿ ಎರಡೂವರೆ ಲೀಟರ್ ತನಕ ಮಿತಿ ಇದೆ.

ಹಾಗಾದರೆ ಜನರಲ್ ಯಾರಿಗೆ? ಏನೂ ಗೊತ್ತಾಗಬಾರದು ಎಂದವರಿಗೆ, ಬೆನ್ನಿನ ಆಪರೇಷನ್ ಆದವರಿಗೆ, ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಲು ಆಗದವರಿಗೆ. ಮುಟ್ಟಲು ಬಂದರೇ ಮೈ ಬಿಗಿದು ನಡುಗುವವರೂ ಇದ್ದಾರೆ. ಹಿಂದೆ ಏನೋ ಆಗಿರುತ್ತದೆ. ನಾನು ಕೆದಕುವುದಿಲ್ಲ. "ನಿಮಗ ನಿದ್ದಿ ಬಂದ ಮ್ಯಾಲೇ ಕಾಲು ಮುಟ್ಟತೀವಿ, ಎಚ್ಚರ ಆಗೂದ್ರಾಗ ಮೈಮ್ಯಾಲ ಬಟ್ಟಿ ಇರ್ತದ" ಎಂದು ಹೇಳುತ್ತೇನೆ, ಹಾಗೇ ಮಾಡಿಸುತ್ತೇನೆ. ಕೈಯ ಸೂಜಿಯಲ್ಲಿ ನಿದ್ದೆಗೆ ಪ್ರೊಪೊಫಾಲ್, ಜೊತೆಗೆ ನೋವಿಗೆ ಸ್ವಲ್ಪ ಫೆಂಟನಿಲ್. ಹತ್ತು ನಿಮಿಷದ ಕೆಲಸಕ್ಕೆ ಇದು ಬಹಳ ಒಳ್ಳೆಯ ಮದ್ದು. ಬೇಗ ಎಚ್ಚರ, ವಾಂತಿ ಕಡಿಮೆ.

ಆದರೆ "ಸ್ವಲ್ಪ ಮತ್ತು" ಎನ್ನುವ ಮಾತನ್ನು ನಾನು ಬಳಸುವುದಿಲ್ಲ. ಪ್ರೊಪೊಫಾಲ್‌ನಲ್ಲಿ ಮಂಪರಿಗೂ ಉಸಿರು ನಿಲ್ಲುವುದಕ್ಕೂ ನಡುವಿನ ಅಂತರ ಬಹಳ ಕಮ್ಮಿ. ಆಪರೇಷನ್ ಮಾಡುವವರೇ ಮಂಪರೂ ಕೊಟ್ಟು, ಉಸಿರನ್ನು ನೋಡಲು ಬೇರೆ ಯಾರೂ ಇಲ್ಲದ ಕಡೆ ಚಿಕಿತ್ಸೆ ಮಾಡಿಸಿಕೊಳ್ಳಬೇಡಿ. ಆಕ್ಸಿಜನ್, ಮಾನಿಟರ್, ಅದನ್ನೇ ನೋಡುತ್ತಾ ಕೂತ ಒಬ್ಬ ಅರಿವಳಿಕೆ ವೈದ್ಯರು, ಇಷ್ಟು ಬೇಕೇ ಬೇಕು. ಹೊಟ್ಟೆ ಖಾಲಿ ಇರುವ ನಿಯಮವೂ ಪೂರ್ತಿ ಅರಿವಳಿಕೆಯದ್ದೇ. ಹಗುರ ಊಟಕ್ಕೆ ಆರು ಗಂಟೆ, ಬರೀ ನೀರಿಗೆ ಎರಡು ಗಂಟೆ. ನಮ್ಮೂರಲ್ಲಿ "ಏನೂ ತಿಂದಿಲ್ರಿ, ಚಾ ಅಷ್ಟೇ ಕುಡದೀನ್ರಿ" ಎನ್ನುವವರು ದಿನಾ ಸಿಗುತ್ತಾರೆ. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೂ ಆರು ಗಂಟೆ.

ಇನ್ನೊಂದು ವಿಷಯವನ್ನು ನೇರವಾಗಿ ಹೇಳಬೇಕು. ಮಿಡಜೊಲಾಂ, ಪ್ರೊಪೊಫಾಲ್, ಕೆಟಮಿನ್‌ನಂಥ ಮಂಪರು, ನಿದ್ದೆ ತರುವ ಮದ್ದುಗಳಲ್ಲಿ ಕೆಲವರಿಗೆ ನಿಜವೇ ಎನ್ನುವಷ್ಟು ಗಾಢವಾದ ಕನಸು ಬೀಳುತ್ತವೆ. ಚಿಕಿತ್ಸೆ ಆಗುವ ಜಾಗ ಯಾವುದು ಎಂದು ಯೋಚಿಸಿದರೆ ಇದರ ತೂಕ ತಿಳಿಯುತ್ತದೆ. ಅದಕ್ಕೇ ಮೊದಲಿನಿಂದ ಕೊನೆಯವರೆಗೆ ಒಬ್ಬ ಮಹಿಳಾ ಸಿಸ್ಟರ್ ಅಲ್ಲೇ ಇರಬೇಕು, ಎಚ್ಚರವಾಗುವ ಕೋಣೆಯಲ್ಲೂ. "ನೀವೇ ಇರ್ತೀರೇನ್ರಿ ಮೇಡಂ, ಗಂಡಸು ಡಾಕ್ಟರ್ ಬರ್ತಾರೇನ್ರಿ?" ಎಂದು ಕೇಳುವುದು ತಪ್ಪೇನಲ್ಲ, ಕೇಳಿ. ನಮ್ಮ ಈ ಭಾಗ ನಿಜಾಮರ ರಾಜ್ಯದಲ್ಲಿದ್ದಾಗಲೇ ಹೈದರಾಬಾದಿನಲ್ಲಿ ರೂಪಾ ಬಾಯಿ ಫರ್ದೂನ್‌ಜಿ ಎಂಬ ವೈದ್ಯೆ ರೋಗಿಗಳಿಗೆ ಆ ಕಾಲದ ಅರಿವಳಿಕೆ ಮದ್ದು ಕ್ಲೋರೋಫಾರ್ಮ್ ಕೊಡುತ್ತಿದ್ದರು. 1880ರ ದಶಕದ ಕೊನೆಯಲ್ಲಿ ಆ ಮದ್ದು ಎಷ್ಟು ಸುರಕ್ಷಿತ ಎಂದು ನೋಡಲು ಅಲ್ಲಿ ಕ್ಲೋರೋಫಾರ್ಮ್ ಆಯೋಗಗಳು ಕೂತ ಕಾಲ ಅದು. ತಲೆಯ ಹತ್ತಿರ ಒಬ್ಬ ಹೆಣ್ಣು ಕೂರುವುದು ನಮ್ಮ ಕಡೆಗೆ ಹೊಸದೇನಲ್ಲ ಎಂದು ಕಿರಿಯರಿಗೆ ನಾನು ಹೇಳುತ್ತಿರುತ್ತೇನೆ.

ಗರ್ಭ ನಿಲ್ಲದೆ ಹೋದವರ ವಿಷಯದಲ್ಲಿ ಇನ್ನೂ ನಿಧಾನ ಬೇಕು. ಕೈಯಿಂದ ಎಳೆಯುವ ಸಿರಿಂಜಿನಲ್ಲಿ ಗರ್ಭಕೋಶ ಖಾಲಿ ಮಾಡುವ ಎಂವಿಎಗೆ ಪ್ಯಾರಾಸರ್ವೈಕಲ್ ಬ್ಲಾಕ್ ಮತ್ತು ನೋವಿನ ಮಾತ್ರೆ ಸಾಮಾನ್ಯವಾಗಿ ಸಾಕು. ರೂಢಿ ಎಂದು ಎಲ್ಲರಿಗೂ ಜನರಲ್ ಕೊಡಬೇಡಿ ಎಂದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದು ಸರಿಯಾದದ್ದೇ. ಆದರೂ, ಬಯಸಿ ಕಾದಿದ್ದ ಕೂಸನ್ನು ಕಳೆದುಕೊಂಡು "ಆ ಸಪ್ಪಳ ನನಗ ಕೇಳಿಸಬಾರದ್ರಿ" ಎಂದವಳಿಗೆ ನಾನು ನಿದ್ದೆಯನ್ನೇ ಕೊಡುತ್ತೇನೆ. ಅವಳ ಬೇಡಿಕೆಯೂ ಒಂದು ಕಾರಣವೇ.

ಎಲ್ಲ ಬೇಡಿಕೆಗೂ ಹೂಂ ಎನ್ನಲಾಗುವುದಿಲ್ಲ. ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ ಆರಕ್ಕಿಳಿದವರು ಇಲ್ಲಿ ಅಪರೂಪವಲ್ಲ. ಅವರಿಗೆ ಮೊದಲು ರಕ್ತ, ಆಮೇಲೆ ಉಳಿದ ಮಾತು. ತೂಕ ತುಂಬಾ ಇದ್ದು ಗೊರಕೆ ಹೊಡೆಯುವವರು ನಿದ್ದೆಯೇ ಬೇಕು ಎಂದರೆ, ಯಾಕೆ ಬೇಡ ಎಂದು ಕೂತು ವಿವರಿಸುತ್ತೇನೆ. ಬೆನ್ನಿಗೆ ಕೊಟ್ಟು, ಕಿವಿಗೆ ಇಯರ್‌ಫೋನ್ ಹಾಕಿ, ಮುಂದೆ ಪರದೆ ಎಳೆದರೆ ಬಹಳಷ್ಟು ಮಂದಿ ಒಪ್ಪುತ್ತಾರೆ. ಕೊನೆಗೆ ಆಕೆಯ ಸಹಿ ಆಕೆಯೇ ಹಾಕಬೇಕು. ಹದಿನೆಂಟು ದಾಟಿದ ಹೆಣ್ಣುಮಗಳ ಅರಿವಳಿಕೆಗೆ ಗಂಡನ ಸಹಿ ಬೇಕಿಲ್ಲ. ಕೈಯಲ್ಲಿ ಪೆನ್ನು ಹಿಡಿದು ಬಂದ ಗಂಡಂದಿರಿಗೆ ಇದನ್ನು ನಯವಾಗಿಯೇ ಹೇಳುತ್ತೇನೆ.

ಮನೆಗೆ ಕಳಿಸುವ ಮೊದಲು, ಸ್ಪೈನಲ್ ಆದವರು ಮೂತ್ರ ಮಾಡಿರಬೇಕು, ಹಿಡಿಯದೆ ನಡೆದಿರಬೇಕು. ಜನರಲ್ ಅಥವಾ ಮಂಪರು ಆದವರ ಜೊತೆ ಆ ರಾತ್ರಿ ಒಬ್ಬರು ಇರಬೇಕು. 24 ಗಂಟೆ ಸ್ಕೂಟಿ ಬೇಡ, ಕಾಗದ ಪತ್ರಕ್ಕೆ ಸಹಿಯೂ ಬೇಡ. ಎದೆಹಾಲು ಕುಡಿಸುವವರು ಚೆನ್ನಾಗಿ ಎಚ್ಚರವಾದ ಮೇಲೆ ಕುಡಿಸಬಹುದು. ಯಾವ ಮದ್ದು, ಎಷ್ಟು, ಹೇಗೆ ಒಗ್ಗಿತು, ಉಸಿರಿನ ದಾರಿಯಲ್ಲಿ ತೊಂದರೆ ಆಯಿತಾ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಆಕೆಯ ಕೈಗೇ ಕೊಡುತ್ತೇನೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ಇವೆಲ್ಲ ಬರುವುದಿಲ್ಲ. ಮುಂದೆ ಬೇರೆ ಊರಲ್ಲಿ ಆಪರೇಷನ್ ಬಂದರೆ ಅಲ್ಲಿಯ ಅರಿವಳಿಕೆ ವೈದ್ಯರು ಮೊದಲು ಕೇಳುವುದೇ ಇದನ್ನು.